ಕನ್ನಡಕವನ್ನು ತೊರೆಯುವ ಮುನ್ನ: ಲೇಸರ್ ನೇತ್ರಚಿಕಿತ್ಸೆಯ ವಿಚಾರ

ಪಂಚೇಂದ್ರಿಯಗಳಲ್ಲಿ ಕಣ್ಣಿಗೆ ನಮ್ಮ ಹಿರಿಯರು ಅಗ್ರಸ್ಥಾನವನ್ನು ಕೊಟ್ಟಿರುವರು. ಆದರೆ ಆ ಕಣ್ಣು ಮಂಕಾಗುವವರೆಗೆ ಅದರ ಬೆಲೆ ನಮ್ಮ ಅರಿವಿಗೆ ಬರುವುದಿಲ್ಲ. ಹಿಂದಿನ ಸಾಲಿನ ವಿದ್ಯಾರ್ಥಿಗೆ ಕರಿಹಲಗೆಯ ಅಕ್ಷರಗಳು ಒಂದರೊಳಗೊಂದು ಕಲೆತಂತೆ ತೋರುವುದು. ಬೇಲಾಪುರದ ನಿಲ್ದಾಣದಲ್ಲಿ ಬರುತ್ತಿರುವ ಗಾಡಿಯು ಪನವೇಲಿಗೋ ಮುಂಬಯಿಗೋ ಎಂಬುದನ್ನು ಫಲಕದಲ್ಲಿ ಓದಲಾರದೆ ಪಕ್ಕದವರನ್ನು ಕೇಳುವುದು. ದೂರದ ಪಾರಸಿಕ ಬೆಟ್ಟದ ಮರಗಳು ಬರಿಯ ಹಸುರು ಮೋಡದಂತೆ ಕಾಣುವುದು. ಇವು ಸಮೀಪದೃಷ್ಟಿ ಎಂಬ ದೋಷದ ಮೊದಲ ಲಕ್ಷಣಗಳು. ಇದಕ್ಕೆ ಕನ್ನಡಕವೆಂಬ ಸುಲಭವಾದ ಪರಿಹಾರವುಂಟು. ಆದರೂ ಹತ್ತನೆಯ ತರಗತಿಯನ್ನು ಮುಗಿಸುವ ಹೊತ್ತಿಗೆ ನಮ್ಮ ಅನೇಕ ವಿದ್ಯಾರ್ಥಿಗಳು ಮನೆಯಲ್ಲಿ ಒಂದೇ ಪ್ರಶ್ನೆಯನ್ನೆತ್ತುವರು: “ಲೇಸರ್ ಮಾಡಿಸಿ ಕನ್ನಡಕವನ್ನು ಬಿಟ್ಟುಬಿಡಬಾರದೇಕೆ?”

ಪ್ರಶ್ನೆ ಸಹಜವಾದುದು. ಈ ಚಿಕಿತ್ಸೆಯಿಂದ ಲಕ್ಷಾಂತರ ಜನರಿಗೆ ಹಿತವಾಗಿರುವುದೂ ನಿಜ. ಆದರೆ ಜಾಹೀರಾತಿನ ಫಲಕಗಳು ಹೇಳುವುದು ಕೆಲವೇ ನಿಮಿಷಗಳ ಶಸ್ತ್ರಕ್ರಿಯೆಯ ಮಾತನ್ನು. ಅದಕ್ಕೆ ಮುಂಚಿನ ಪರೀಕ್ಷೆಯ ಮಾತನ್ನಲ್ಲ. ಈ ಚಿಕಿತ್ಸೆಯಲ್ಲಿ ಮುಖ್ಯವಾದ ಭಾಗವು ಲೇಸರ್ ಕಿರಣ ಹೊರಡುವುದಕ್ಕಿಂತ ಮೊದಲೇ ಮುಗಿದಿರುತ್ತದೆ ಎಂಬುದೇ ಈ ಪಾಠದ ತಿರುಳು.

೧. ಕಣ್ಣಿನ ರಚನೆ

ಕೈಗಡಿಯಾರದ ಮುಖದ ಮೇಲೆ ಉಬ್ಬಿದ ಗಾಜೊಂದು ಇರುವುದನ್ನು ನಾವೆಲ್ಲರೂ ನೋಡಿರುವೆವು. ಕಣ್ಣಿನ ಮುಂಭಾಗದಲ್ಲಿಯೂ ಅಂತಹುದೇ ಪಾರದರ್ಶಕವಾದ ಒಂದು ಪಟಲವಿದೆ. ಇದಕ್ಕೆ ಕಾರ್ನಿಯಾ ಎಂದು ಹೆಸರು. ಇದರ ಅಗಲ ಸುಮಾರು ೧೨ ಮಿಲಿಮೀಟರ್. ನಡುಭಾಗದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ವೈದ್ಯರು ಈ ದಪ್ಪವನ್ನು ಮೈಕ್ರಾನ್ ಎಂಬ ಅಳತೆಯಲ್ಲಿ ಹೇಳುವರು. ಸಾವಿರ ಮೈಕ್ರಾನುಗಳು ಸೇರಿ ಒಂದು ಮಿಲಿಮೀಟರ್ ಆಗುವುದು. ಸಾಮಾನ್ಯ ಕಾರ್ನಿಯಾದ ದಪ್ಪ ೫೦೦ರಿಂದ ೫೬೦ ಮೈಕ್ರಾನುಗಳ ಆಸುಪಾಸಿನಲ್ಲಿರುತ್ತದೆ.

ಹೊರಗಿನ ಬೆಳಕನ್ನು ಬಾಗಿಸಿ ಕಣ್ಣಿನ ಹಿಂಭಾಗದ ಅಕ್ಷಿಪಟದ ಮೇಲೆ ಬಿಂಬವಾಗಿ ಮೂಡಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲನ್ನು ಈ ಕಾರ್ನಿಯಾವೇ ಮಾಡುತ್ತದೆ. ಉಳಿದುದನ್ನು ಒಳಗಿನ ಮಸೂರವು ಮಾಡುತ್ತದೆ. ಬೆಳಕನ್ನು ಬಾಗಿಸುವ ಶಕ್ತಿಯನ್ನು ಡಯಾಪ್ಟರ್ ಎಂಬ ಮಾನದಿಂದ ಅಳೆಯುವರು. ನಾವು ‘ನಂಬರು’ ಎಂದು ವಾಡಿಕೆಯಲ್ಲಿ ಹೇಳುವುದು ಇದನ್ನೇ.

ಬೆಳೆದವರ ಕಣ್ಣುಗುಡ್ಡೆಯ ಉದ್ದ ಮುಂದಿನಿಂದ ಹಿಂದಕ್ಕೆ ಸುಮಾರು ೨೪ ಮಿಲಿಮೀಟರ್. ಕೆಲವರಲ್ಲಿ ಬೆಳವಣಿಗೆಯ ಕಾಲದಲ್ಲಿ ಇದು ಮಿತಿಮೀರಿ ಉದ್ದವಾಗುತ್ತದೆ. ಆಗ ದೂರದ ವಸ್ತುಗಳ ಬಿಂಬವು ಅಕ್ಷಿಪಟವನ್ನು ಮುಟ್ಟುವ ಮೊದಲೇ ಕೂಡಿಬಿಡುವುದರಿಂದ ನೋಟವು ಮಸುಕಾಗುತ್ತದೆ. ಒಂದು ಮಿಲಿಮೀಟರ್ ಹೆಚ್ಚು ಉದ್ದವೆಂದರೆ ಹೆಚ್ಚುಕಡಿಮೆ ಮೂರು ಡಯಾಪ್ಟರಿನ ಸಮೀಪದೃಷ್ಟಿ. ಈ ಸಂಗತಿಯನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ದೋಷವಿರುವುದು ಕಣ್ಣಿನ ಉದ್ದದಲ್ಲಿ. ಲೇಸರ್ ತಿದ್ದುವುದು ಮುಂದಿನ ಪಟಲದ ಉಬ್ಬನ್ನು. ಉಬ್ಬನ್ನು ಚಪ್ಪಟೆಗೊಳಿಸಿದರೆ ಬಿಂಬವು ಹಿಂದಕ್ಕೆ ಸರಿದು ಅಕ್ಷಿಪಟದ ಮೇಲೆ ಬೀಳುವುದು. ಆದರೆ ಉದ್ದವಾದ ಕಣ್ಣು ಉದ್ದವಾಗಿಯೇ ಉಳಿಯುವುದು.

ಕಾರ್ನಿಯಾ ಒಂದೇ ತುಂಡಾಗಿಲ್ಲ, ಪದರಪದರವಾಗಿದೆ. ಇದನ್ನು ಕನ್ನಡಿಗರೆಲ್ಲರೂ ತಿಳಿಯುವಂತಹ ಸಂದರ್ಭವೊಂದು ಇತ್ತೀಚಿನ ವರ್ಷಗಳಲ್ಲಿ ಒದಗಿತು. ೨೦೨೧ರ ಅಕ್ಟೋಬರ್ ೨೯ರಂದು ನಿಧನರಾದ ಚಿತ್ರನಟ ಪುನೀತ್ ರಾಜಕುಮಾರರ ಕಣ್ಣುಗಳನ್ನು ಅವರ ಕುಟುಂಬದವರು ದಾನಮಾಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಆ ಎರಡು ಕಾರ್ನಿಯಾಗಳನ್ನೂ ಮುಂಪದರ, ಹಿಂಪದರಗಳೆಂದು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿಯನ್ನು ಕೊಡಿಸಿದರು. ಅರ್ಧ ಮಿಲಿಮೀಟರ್ ದಪ್ಪದ ಪಟಲದ ಒಂದೊಂದು ಪದರಕ್ಕೂ ಎಷ್ಟು ಬೆಲೆಯಿದೆ ಎಂಬುದು ಇದರಿಂದ ತಿಳಿಯುವುದು.

೨. ಈ ವಿದ್ಯೆಯು ಬೆಳೆದ ಬಗೆ

ಕಾರ್ನಿಯಾದ ಆಕಾರವನ್ನು ಬದಲಿಸಿ ದೃಷ್ಟಿಯನ್ನು ತಿದ್ದಬಹುದೆಂಬ ವಿಚಾರವನ್ನು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿದ್ದ ಹೋಸೆ ಬ್ಯಾರಾಕರ್ ಎಂಬ ವೈದ್ಯರು ಕಳೆದ ಶತಮಾನದ ನಡುಭಾಗದಲ್ಲಿಯೇ ಮುಂದಿಟ್ಟರು. ಆದರೆ ಆಗ ಇದ್ದುದು ಅಲಗು ಮತ್ತು ಸಾಣೆಯ ಯಂತ್ರ ಮಾತ್ರ. ಕೂದಲೆಳೆಗಿಂತಲೂ ತೆಳುವಾದ ಭಾಗವನ್ನು ತಪ್ಪಿಲ್ಲದೆ ತೆಗೆಯುವ ಸಾಧನ ಇರಲಿಲ್ಲ.

ಆ ಸಾಧನವನ್ನು ಒದಗಿಸಿದವರಲ್ಲಿ ಒಬ್ಬರು ನಮ್ಮ ದೇಶದಲ್ಲಿ ಹುಟ್ಟಿ ಮದರಾಸಿನಲ್ಲಿ ಓದಿದ ರಸಾಯನಶಾಸ್ತ್ರಜ್ಞ ರಂಗಸ್ವಾಮಿ ಶ್ರೀನಿವಾಸನ್ ಎಂಬುದು ಹೆಮ್ಮೆಯ ಸಂಗತಿ. ಅವರು ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಪ್ರಯೋಗಾಲಯದಲ್ಲಿ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಎಂಬ ಸಹೋದ್ಯೋಗಿಗಳೊಂದಿಗೆ ಎಕ್ಸೈಮರ್ ಎಂಬ ಲೇಸರಿನ ಗುಣಗಳನ್ನು ಪರೀಕ್ಷಿಸುತ್ತಿದ್ದರು. ೧೯೮೧ರ ನವೆಂಬರಿನಲ್ಲಿ, ಹಬ್ಬದ ಅಡಿಗೆಯಲ್ಲಿ ಉಳಿದ ಟರ್ಕಿ ಕೋಳಿಯ ತುಂಡೊಂದನ್ನು ಶ್ರೀನಿವಾಸನ್ನರು ಪ್ರಯೋಗಾಲಯಕ್ಕೆ ಒಯ್ದು ಅದರ ಮೇಲೆ ಕಿರಣವನ್ನು ಹಾಯಿಸಿದರು. ಕಿರಣವು ತಾಗಿದೆಡೆ ಸ್ವಚ್ಛವಾದ ಗೀರು ಮೂಡಿತು. ಅಕ್ಕಪಕ್ಕದ ಭಾಗವು ಸುಟ್ಟಿರಲಿಲ್ಲ. ೧೯೩ ನ್ಯಾನೋಮೀಟರ್ ಅಲೆಯುದ್ದದ ಈ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಶಾಖದಿಂದ ಸುಡದೆ, ಅಣುಗಳ ಬಂಧವನ್ನೇ ಬಿಡಿಸಿ ಪದರವನ್ನು ಹಾರಿಸುತ್ತದೆ. ಒಂದು ಮಿಡಿತಕ್ಕೆ ಹೋಗುವುದು ಒಂದು ಮೈಕ್ರಾನಿನ ಸುಮಾರು ಕಾಲು ಭಾಗ ಮಾತ್ರ.

೧೯೮೩ರಲ್ಲಿ ನ್ಯೂಯಾರ್ಕಿನ ಸ್ಟೀಫನ್ ಟ್ರೋಕೆಲ್ ಎಂಬ ನೇತ್ರವೈದ್ಯರು ಶ್ರೀನಿವಾಸನ್ನರೊಡನೆ ಸೇರಿ ಇದನ್ನು ಕಾರ್ನಿಯಾಕ್ಕೆ ಅನ್ವಯಿಸಿ ತೋರಿಸಿದರು. ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಪಾಲಿಕಾರಿಸ್ ಎಂಬವರು, ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ ಒಳಗೆ ಲೇಸರನ್ನು ಹಾಯಿಸುವ ವಿಧಾನವನ್ನು ೧೯೯೦ರ ಸುಮಾರಿಗೆ ರೂಪಿಸಿದರು. ಅದೇ ಇಂದು ಮನೆಮಾತಾಗಿರುವ ಲೇಸಿಕ್.

೩. ಮೂರು ವಿಧಾನಗಳು

ಇಂದು ಬಳಕೆಯಲ್ಲಿರುವ ಮುಖ್ಯ ವಿಧಾನಗಳು ಮೂರು.

ಮೊದಲನೆಯದು ಪಿ.ಆರ್.ಕೆ. ಇದರಲ್ಲಿ ಕಾರ್ನಿಯಾದ ಅತಿ ಮೇಲಿನ ತೆಳು ಸಿಪ್ಪೆಯನ್ನು ಬಿಡಿಸಿ ಅದರ ಕೆಳಭಾಗವನ್ನು ಲೇಸರಿನಿಂದ ತಿದ್ದುವರು. ಸಿಪ್ಪೆಯು ಕೆಲವು ದಿನಗಳಲ್ಲಿ ತಾನಾಗಿ ಬೆಳೆಯುವುದು. ಆ ದಿನಗಳಲ್ಲಿ ನೋವೂ ನೀರೂ ಹೆಚ್ಚು; ನೋಟ ತಿಳಿಯಾಗಲು ವಾರಗಳು ಬೇಕು. ಆದರೆ ಮುಚ್ಚಳವಿಲ್ಲದ್ದರಿಂದ ಅದು ಸರಿಯುವ ಭಯವಿಲ್ಲ. ಕುಸ್ತಿ, ಕಬಡ್ಡಿಗಳಂತಹ ಆಟಗಳನ್ನು ಆಡುವವರಿಗೆ ವೈದ್ಯರು ಇದನ್ನು ಸೂಚಿಸುವುದುಂಟು.

ಎರಡನೆಯದು ಮೇಲೆ ಹೇಳಿದ ಲೇಸಿಕ್. ನೋವು ಕಡಿಮೆ, ಮರುದಿನವೇ ಬಹುಮಂದಿಗೆ ಚೆನ್ನಾಗಿ ಕಾಣುವುದು. ಮುಚ್ಚಳವನ್ನು ಕತ್ತರಿಸಲು ಹಿಂದೆ ಯಂತ್ರದ ಅಲಗನ್ನು ಬಳಸುತ್ತಿದ್ದರು. ಈಗ ಫೆಮ್ಟೋಸೆಕೆಂಡ್ ಲೇಸರನ್ನು ಬಹಳವಾಗಿ ಬಳಸುವರು. ಇಂತಹ ಅತ್ಯಲ್ಪ ಕಾಲದ, ಅತಿ ತೀವ್ರವಾದ ಮಿಡಿತಗಳನ್ನು ಪಡೆಯುವ ಉಪಾಯವನ್ನು ಕಂಡ ಜೆರಾರ್ ಮೂರೂ ಮತ್ತು ಡೋನ್ನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ ೨೦೧೮ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಮೂರನೆಯದು ಸ್ಮೈಲ್. ಇದರಲ್ಲಿ ಕಾರ್ನಿಯಾದ ಒಳಗೇ ಮಸೂರದಾಕಾರದ ತೆಳು ಬಿಲ್ಲೆಯನ್ನು ಲೇಸರಿನಿಂದ ಬಿಡಿಸಿ, ಕೆಲವೇ ಮಿಲಿಮೀಟರಿನ ಸೀಳಿನಿಂದ ಹೊರತೆಗೆಯುವರು. ಮುಚ್ಚಳವಿಲ್ಲ.

ಹೆಸರು ಯಾವುದಾದರೂ ಇರಲಿ, ಮೂರರಲ್ಲಿಯೂ ನಡೆಯುವುದು ಒಂದೇ: ಕಾರ್ನಿಯಾದ ಒಂದು ಅಂಶವನ್ನು ಶಾಶ್ವತವಾಗಿ ತೆಗೆಯುವುದು. ಹೀಗೆ ತೆಗೆದ ಅಂಶವು ಮರಳಿ ಬೆಳೆಯುವುದಿಲ್ಲ. ಆದಕಾರಣ ಯಾವ ಯಂತ್ರ ಹೊಸದು ಎಂದು ಕೇಳುವುದಕ್ಕಿಂತ ತೆಗೆಯಲು ನಮ್ಮ ಕಣ್ಣಿನಲ್ಲಿ ಎಷ್ಟಿದೆ ಎಂದು ಮೊದಲು ಕೇಳಬೇಕು.

೪. ಒಂದು ಲೆಕ್ಕ

ಇದನ್ನು ಶಾಲೆಯ ಲೆಕ್ಕದಂತೆಯೇ ಮಾಡಿ ನೋಡಬಹುದು. ಲೇಸಿಕ್ ವಿಧಾನದಲ್ಲಿ ಮುಚ್ಚಳದ ದಪ್ಪವನ್ನು ೧೧೦ ಮೈಕ್ರಾನ್ ಎಂದಿಟ್ಟುಕೊಳ್ಳೋಣ. ಒಂದು ಡಯಾಪ್ಟರನ್ನು ತಿದ್ದಲು ಸುಮಾರು ೧೫ ಮೈಕ್ರಾನ್ ತೆಗೆಯಬೇಕಾಗುವುದೆನ್ನೋಣ. ಮುಚ್ಚಳದ ಕೆಳಗೆ ಕಡಿಮೆಯೆಂದರೂ ೨೫೦ ಮೈಕ್ರಾನ್ ಉಳಿಯಲೇಬೇಕೆಂಬುದು ವೈದ್ಯರು ಬಹುಕಾಲದಿಂದ ಪಾಲಿಸುವ ಮಿತಿ; ಅನೇಕರು ೩೦೦ ಉಳಿಸಲು ಇಷ್ಟಪಡುವರು.

ಮೊದಲನೆಯ ಯುವಕನ ಕಾರ್ನಿಯಾ ೫೪೦ ಮೈಕ್ರಾನ್, ನಂಬರು ೪. ತೆಗೆಯಬೇಕಾದುದು ೪ × ೧೫ = ೬೦. ಉಳಿಯುವುದು ೫೪೦ – ೧೧೦ – ೬೦ = ೩೭೦. ಇಲ್ಲಿ ದಪ್ಪದ ದೃಷ್ಟಿಯಿಂದ ಅಡ್ಡಿಯಿಲ್ಲ.

ಎರಡನೆಯವನ ಕಾರ್ನಿಯಾ ೪೯೦ ಮೈಕ್ರಾನ್, ನಂಬರು ೯. ತೆಗೆಯಬೇಕಾದುದು ೯ × ೧೫ = ೧೩೫. ಉಳಿಯುವುದು ೪೯೦ – ೧೧೦ – ೧೩೫ = ೨೪೫. ಮಿತಿಗಿಂತ ಐದು ಮೈಕ್ರಾನ್ ಕಡಿಮೆ. ಈ ಐದು ಮೈಕ್ರಾನನ್ನು ಕಣ್ಣಿನಿಂದ ನೋಡಲಾಗದು. ಆದರೆ ಅದನ್ನು ಅಲಕ್ಷಿಸಲೂ ಆಗದು. ಇಂತಹವನಿಗೆ ವೈದ್ಯರು ಲೇಸಿಕ್ ಬೇಡವೆನ್ನುವರು. ಬೇರೆ ವಿಧಾನವೋ, ಕಣ್ಣಿನೊಳಗೆ ಕೃತಕ ಮಸೂರವನ್ನು ಕೂರಿಸುವ ಉಪಾಯವೋ, ಅಥವಾ ಕನ್ನಡಕವೇ ಉತ್ತಮವೋ ಎಂಬುದನ್ನು ಅವರೇ ವಿಚಾರಿಸಬೇಕು.

ಮಿತಿಮೀರಿ ತೆಗೆದರೆ ಆಗುವುದೇನು? ಕಣ್ಣಿನೊಳಗಿನ ಒತ್ತಡವನ್ನು ತಾಳಲಾರದೆ ತೆಳುವಾದ ಪಟಲವು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮುಂದಕ್ಕೆ ಉಬ್ಬತೊಡಗುವುದು. ಇದಕ್ಕೆ ಎಕ್ಟೇಸಿಯಾ ಎನ್ನುವರು. ಆಗ ಕನ್ನಡಕದಿಂದಲೂ ನೋಟವು ಸರಿಹೋಗದು. ತೀರ ಕೆಟ್ಟ ಸ್ಥಿತಿಯಲ್ಲಿ ದಾನವಾಗಿ ಬಂದ ಕಾರ್ನಿಯಾವನ್ನು ಕಸಿಮಾಡಬೇಕಾದೀತು. ಇದು ವಿರಳವಾದ ತೊಡಕು. ಆದರೆ ಇದನ್ನು ತಪ್ಪಿಸುವ ಸಮಯವು ಶಸ್ತ್ರಕ್ರಿಯೆಗಿಂತ ಮೊದಲು ಮಾತ್ರ ಇರುತ್ತದೆ.

ಇನ್ನೊಂದು ಎಚ್ಚರಿಕೆ. ದಪ್ಪವೊಂದೇ ಸಾಲದು, ಆಕಾರವೂ ಸರಿಯಾಗಿರಬೇಕು. ಕೆಲವರ ಕಾರ್ನಿಯಾ ಹುಟ್ಟುಗುಣದಿಂದಲೇ ದುರ್ಬಲವಾಗಿದ್ದು ಹದಿಹರೆಯದಲ್ಲಿ ಶಂಕುವಿನಂತೆ ಚೂಪಾಗತೊಡಗುವುದು. ಇದಕ್ಕೆ ಕೆರಟೋಕೋನಸ್ ಎಂದು ಹೆಸರು. ಧೂಳು ಮತ್ತು ಅಲರ್ಜಿಯಿಂದ ಕಣ್ಣು ತುರಿಸಿ, ಸದಾ ಉಜ್ಜಿಕೊಳ್ಳುವ ಮಕ್ಕಳಲ್ಲಿ ಇದು ಹೆಚ್ಚು. ಆರಂಭದಲ್ಲಿ ಇದು ಸಾಮಾನ್ಯ ಪರೀಕ್ಷೆಗೆ ಸಿಕ್ಕುವುದಿಲ್ಲ. ಕಾರ್ನಿಯಾದ ಮೇಲ್ಮೈಯನ್ನು ಭೂಪಟದಂತೆ ಬಣ್ಣಗಳಲ್ಲಿ ತೋರಿಸುವ ಟೊಪೋಗ್ರಫಿ ಎಂಬ ಪರೀಕ್ಷೆಯಿಂದಲೇ ಇದನ್ನು ಕಂಡುಹಿಡಿಯಬೇಕು. ಈ ಭೂಪಟವನ್ನು ತೆಗೆಯದೆ ದಿನವನ್ನು ಗೊತ್ತುಮಾಡುವ ಕಡೆಗೆ ಹೋಗಲೇಬಾರದು.

೫. ಯಾರು ಕಾಯಬೇಕು

ಹದಿನೆಂಟು ವರ್ಷ ತುಂಬದವರಿಗೆ ಈ ಚಿಕಿತ್ಸೆ ಸಲ್ಲದು. ಕಣ್ಣು ಇನ್ನೂ ಬೆಳೆಯುತ್ತಿರುವಾಗ ಇಂದಿನ ನಂಬರನ್ನು ತಿದ್ದಿದರೆ ನಾಳೆ ಹೊಸ ನಂಬರು ಬರುವುದು. ಹದಿನೆಂಟಾದ ಮೇಲೂ, ಕಡಿಮೆಯೆಂದರೆ ಒಂದು ವರ್ಷ ನಂಬರು ಸ್ಥಿರವಾಗಿರಬೇಕು. ಅರ್ಧ ಡಯಾಪ್ಟರಿಗಿಂತ ಹೆಚ್ಚಾಗಿ ಬದಲಾಗಿದ್ದರೆ ಇನ್ನೂ ಕಾಯಬೇಕು. ಇಪ್ಪತ್ತೊಂದರವರೆಗೆ ತಡೆಯುವುದು ಒಳಿತೆಂದು ಅನೇಕ ವೈದ್ಯರು ಹೇಳುವರು. ಆದುದರಿಂದ ಹಳೆಯ ಕನ್ನಡಕದ ಚೀಟಿಗಳನ್ನು ಬಿಸಾಡದೆ ಜೋಪಾನಮಾಡಬೇಕು. ಸ್ಥಿರತೆಗೆ ಅವೇ ಸಾಕ್ಷಿ.

ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಮುಂದೂಡಬೇಕು. ಕಣ್ಣು ತೀರ ಒಣಗುವವರು, ಹಿಡಿತವಿಲ್ಲದ ಸಕ್ಕರೆಕಾಯಿಲೆಯವರು, ಕೀಲುವಾತ ಮೊದಲಾದ ರೋಗಗಳಿಗೆ ಔಷಧವನ್ನು ತೆಗೆದುಕೊಳ್ಳುವವರು ಅದನ್ನು ಮರೆಮಾಚದೆ ಹೇಳಬೇಕು. ಮೊಡವೆಗೆಂದು ಕೆಲವು ತರುಣರು ಸೇವಿಸುವ ಐಸೊಟ್ರೆಟಿನಾಯಿನ್ ಎಂಬ ಮಾತ್ರೆಯು ಕಣ್ಣನ್ನು ಒಣಗಿಸುವುದಾದ್ದರಿಂದ ಅದನ್ನೂ ತಿಳಿಸಬೇಕು. ಕಾಂಟ್ಯಾಕ್ಟ್ ಲೆನ್ಸುಗಳು ಕಾರ್ನಿಯಾವನ್ನು ಒತ್ತಿ ಅದರ ಆಕಾರವನ್ನು ತಾತ್ಕಾಲಿಕವಾಗಿ ಬದಲಿಸುವುದರಿಂದ, ಪರೀಕ್ಷೆಗೆ ಮುಂಚೆ ಮೃದುವಾದವನ್ನು ಒಂದೆರಡು ವಾರ, ಗಡುಸಾದವನ್ನು ಇನ್ನೂ ಹೆಚ್ಚು ವಾರ ಬಿಟ್ಟಿರಬೇಕು.

೬. ಉದ್ಯೋಗದ ಪ್ರಶ್ನೆ

ಈ ವಿಷಯವು ನಮ್ಮ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಸಂಬಂಧಿಸಿದುದು. ಕೊಂಕಣ ರೈಲ್ವೆಯ ಕೇಂದ್ರ ಕಾರ್ಯಾಲಯವಿರುವ ಊರು ನಮ್ಮ ಬೇಲಾಪುರ. ೧೯೯೮ರ ಜನವರಿಯಲ್ಲಿ ಆ ಮಾರ್ಗವು ಪೂರ್ತಿಯಾಗಿ ತೆರೆದ ಮೇಲೆ ಉಡುಪಿ ಮಂಗಳೂರುಗಳು ನಮಗೆ ಹತ್ತಿರವಾದುವು. ದಿನವೂ ಗಾಡಿಗಳನ್ನು ನೋಡುತ್ತ ಬೆಳೆಯುವ ಮಕ್ಕಳಲ್ಲಿ ಕೆಲವರಾದರೂ ಅವನ್ನು ನಡೆಸುವ ಕನಸು ಕಾಣುವುದು ಸಹಜ. ರೈಲ್ವೆ ನೇಮಕಾತಿ ಮಂಡಳಿಗಳ ಪ್ರಕಟಣೆಗಳ ಪ್ರಕಾರ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಕನ್ನಡಕವಿಲ್ಲದೆಯೇ ಎರಡೂ ಕಣ್ಣುಗಳ ದೂರದೃಷ್ಟಿ ೬/೬ ಇರಬೇಕು. ಲೇಸಿಕ್ ಮಾಡಿಸಿಕೊಂಡು ಆ ದೃಷ್ಟಿಯನ್ನು ಪಡೆದವರನ್ನು ಸ್ವೀಕರಿಸುವುದಿಲ್ಲ. ಕೆಲಸಕ್ಕಾಗಿ ಹಣ ತೆತ್ತು ಚಿಕಿತ್ಸೆ ಮಾಡಿಸಿ, ಆ ಚಿಕಿತ್ಸೆಯಿಂದಲೇ ಕೆಲಸವನ್ನು ಕಳೆದುಕೊಳ್ಳುವುದು ಎಂತಹ ದುರ್ದೈವ!

ಸೈನ್ಯದ ಅಧಿಕಾರಿ ಹುದ್ದೆಗಳಲ್ಲಿ ಕೆಲವಕ್ಕೆ ಇದನ್ನು ಒಪ್ಪುವರು; ಆದರೆ ಷರತ್ತುಗಳುಂಟು. ಇಪ್ಪತ್ತು ವರ್ಷ ತುಂಬಿದ ಮೇಲೆ ಮಾಡಿಸಿರಬೇಕು, ಅನಂತರ ಹನ್ನೆರಡು ತಿಂಗಳು ಕಳೆದಿರಬೇಕು, ಕಾರ್ನಿಯಾ ೪೫೦ ಮೈಕ್ರಾನಿಗಿಂತ ತೆಳುವಾಗಿರಬಾರದು ಎಂಬಿವು ಅವುಗಳಲ್ಲಿ ಮುಖ್ಯ. ನಿಯಮಗಳು ಶಾಖೆಯಿಂದ ಶಾಖೆಗೆ ಬೇರೆಯಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ನಿರ್ಧರಿಸಬೇಕು.

ಹಣದ ಮಾತನ್ನೂ ಒಂದು ವಾಕ್ಯದಲ್ಲಿ ಹೇಳಿಬಿಡುವೆವು. ನಮ್ಮ ದೇಶದ ಆರೋಗ್ಯವಿಮೆಯ ಸಾಮಾನ್ಯ ನಿಯಮದಂತೆ ೭.೫ ಡಯಾಪ್ಟರಿಗಿಂತ ಕಡಿಮೆಯಾದ ದೃಷ್ಟಿದೋಷವನ್ನು ತಿದ್ದಿಸುವ ವೆಚ್ಚವು ವಿಮೆಗೆ ಒಳಪಡುವುದಿಲ್ಲ.

೭. ಆಮೇಲಿನ ದಿನಗಳು

ಶಸ್ತ್ರಕ್ರಿಯೆಯ ದಿನ ಕಣ್ಣಿಗೆ ಮರವು ಬರಿಸುವ ತೊಟ್ಟುಗಳನ್ನು ಹಾಕುವರು. ಎಚ್ಚರವಿರುವಾಗಲೇ ಎರಡೂ ಕಣ್ಣುಗಳ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುವುದು. ಅಂದು ಗಾಡಿಯನ್ನು ನಡೆಸಬಾರದು, ಜೊತೆಗೆ ಒಬ್ಬರಿರಬೇಕು. ಮುಂದಿನ ವಾರಗಳಲ್ಲಿ ಕಣ್ಣುಜ್ಜುವುದು, ಈಜುವುದು, ಧೂಳಿನಲ್ಲಿ ಅಲೆಯುವುದು ನಿಷಿದ್ಧ. ಜನಸಂದಣಿಯ ಲೋಕಲ್ ಗಾಡಿಯಲ್ಲಿ ಯಾರದಾದರೂ ಮೊಳಕೈ ತಾಗೀತೆಂಬ ಎಚ್ಚರಿಕೆಯೂ ಇರಬೇಕು.

ಕಾರ್ನಿಯಾದ ಸೂಕ್ಷ್ಮ ನರಗಳು ಕತ್ತರಿಸಿಹೋಗುವುದರಿಂದ ಕೆಲವು ತಿಂಗಳು ಕಣ್ಣು ಒಣಗುವುದು ಸಾಮಾನ್ಯ. ಕೆಲವರಿಗೆ ರಾತ್ರಿಯಲ್ಲಿ ದೀಪಗಳ ಸುತ್ತ ಬಳೆಗಳೂ ಪ್ರಖರತೆಯೂ ತೋರುವುವು. ಬಹುಮಂದಿಯಲ್ಲಿ ಇವು ಕ್ರಮೇಣ ತಗ್ಗುವುವು. ಕೆಲವರಲ್ಲಿ ಉಳಿಯುವುದೂ ಉಂಟು. ರಾತ್ರಿಯ ಹೊತ್ತು ವಾಹನವನ್ನು ನಡೆಸಿ ಜೀವಿಸುವವರು ಇದನ್ನು ಮೊದಲೇ ತೂಗಿ ನೋಡಬೇಕು.

ಚಾಳೀಸು ಎಂಬ ಮಾತು ನಮ್ಮ ಭಾಷೆಗೆ ಬಂದುದು ನಲವತ್ತೆಂಬ ಸಂಖ್ಯೆಯ ಹೆಸರಿನಿಂದ. ನಲವತ್ತರ ಆಚೆ ಒಳಗಿನ ಮಸೂರವು ಬಿಗಿಯಾಗಿ ಓದಲು ಕನ್ನಡಕ ಬೇಕಾಗುವುದನ್ನು ಲೇಸರ್ ತಡೆಯಲಾರದು. ಸಮೀಪದೃಷ್ಟಿಯವರು ಆ ವಯಸ್ಸಿನಲ್ಲಿ ಕನ್ನಡಕವನ್ನು ತೆಗೆದು ಸಲೀಸಾಗಿ ಪತ್ರಿಕೆಯನ್ನು ಓದುವರು. ಲೇಸರ್ ಮಾಡಿಸಿದವರಿಗೆ ಆ ಸೌಲಭ್ಯವೂ ಇರದು. ಮೇಲೆ ಹೇಳಿದಂತೆ ಕಣ್ಣು ಉದ್ದವಾಗಿಯೇ ಇರುವುದರಿಂದ ಅಕ್ಷಿಪಟ ಹರಿಯುವ ಅಪಾಯವು ಕನ್ನಡಕದೊಡನೆ ಹೋಗುವುದಿಲ್ಲ. ಕಣ್ಣಮುಂದೆ ಒಮ್ಮೆಲೆ ಕಪ್ಪು ಚುಕ್ಕೆಗಳು ಹಾರಾಡಿದರೆ, ಮಿಂಚು ಹೊಳೆದಂತಾದರೆ ಕೂಡಲೆ ವೈದ್ಯರ ಬಳಿಗೆ ಹೋಗಬೇಕು.

ಚಿಕಿತ್ಸೆಗೆ ಮುಂಚಿನ ಅಳತೆಗಳ ಕಾಗದವನ್ನು ಆಜೀವನ ಇಟ್ಟುಕೊಳ್ಳಬೇಕು. ಮುಪ್ಪಿನಲ್ಲಿ ಪೊರೆ ಬಂದಾಗ ಕೃತಕ ಮಸೂರದ ಶಕ್ತಿಯನ್ನು ಲೆಕ್ಕಹಾಕಲು ಅದು ಬಹಳ ನೆರವಾಗುವುದು. ಕಾರ್ನಿಯಾ ತೆಳುವಾದ ಮೇಲೆ ಕಣ್ಣಿನ ಒತ್ತಡವು ಯಂತ್ರದಲ್ಲಿ ನಿಜಕ್ಕಿಂತ ಕಡಿಮೆಯಾಗಿ ಕಾಣುವುದರಿಂದ, ಗ್ಲಾಕೋಮಾ ಪರೀಕ್ಷೆಯ ವೇಳೆಯಲ್ಲಿಯೂ ಇದನ್ನು ತಿಳಿಸಬೇಕು. ಲೇಸರ್ ಮಾಡಿಸಿದವರೂ ನೇತ್ರದಾನ ಮಾಡಬಹುದು. ಮುಂಪದರವು ಒದಗದಿದ್ದರೂ ಹಿಂಪದರವು ಇನ್ನೊಬ್ಬರಿಗೆ ಬೆಳಕಾದೀತು.

೮. ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು

೧. ನನ್ನ ಕಾರ್ನಿಯಾದ ದಪ್ಪವೆಷ್ಟು? ಚಿಕಿತ್ಸೆಯ ಬಳಿಕ ಉಳಿಯುವುದೆಷ್ಟು?
೨. ಟೊಪೋಗ್ರಫಿಯಲ್ಲಿ ಆಕಾರವು ಕ್ರಮವಾಗಿದೆಯೆ? ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ ಇದ್ದರೆ ನಾನು ಏನು ಮಾಡಬೇಕು?
೩. ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟದ ಅಂಚನ್ನು ಪರೀಕ್ಷಿಸಿದ್ದೀರಾ?
೪. ನನ್ನ ಕಣ್ಣೀರಿನ ಪ್ರಮಾಣ ಸಾಕಷ್ಟಿದೆಯೆ?
೫. ಮೂರು ವಿಧಾನಗಳಲ್ಲಿ ನನಗೆ ಇದೇ ಏಕೆ?
೬. ಪರೀಕ್ಷಿಸಿದವರೇ ಶಸ್ತ್ರಕ್ರಿಯೆ ಮಾಡುವರೆ? ತೊಡಕಾದರೆ ನೋಡುವವರಾರು?
೭. ಏನನ್ನೂ ಮಾಡಿಸದೆ ಕನ್ನಡಕದಲ್ಲಿಯೇ ಇದ್ದರೆ ನನಗೆ ಹಾನಿಯಿದೆಯೆ?

ಕೊನೆಯ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ‘ಇಲ್ಲ’ ಎಂದೇ ಇರುವುದು. ಇಲ್ಲಿಯೇ ಈ ಚಿಕಿತ್ಸೆಗೂ ಬೇರೆ ನೇತ್ರಚಿಕಿತ್ಸೆಗಳಿಗೂ ಇರುವ ಭೇದ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳನ್ನು ಹೂಡಿ ಪೊರೆಯನ್ನು ತೆಗೆದರು. ಅವರ ಮುಂದೆ ಮಲಗಿದವರು ಕತ್ತಲೆಯಲ್ಲಿದ್ದವರು. ತಡಮಾಡಿದಷ್ಟೂ ಅವರಿಗೆ ಹಾನಿ. ಲೇಸರಿನ ಮುಂದೆ ಮಲಗುವವರ ಕಣ್ಣಾದರೋ ಕನ್ನಡಕದೊಡನೆ ಚೆನ್ನಾಗಿ ಕಾಣುವ ಕಣ್ಣು. ಅದಕ್ಕೆ ಅವಸರವಿಲ್ಲ. ಒಂದು ವರ್ಷ ಕಾಯ್ದರೆ ನಷ್ಟವಾಗದು. ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನು ಕೇಳಿದರೆ ಅಪಮಾನವಾಗದು.

ಸಂಸಾರದಲ್ಲಿ ಹೆಣ್ಣುಮಕ್ಕಳ ಮದುವೆಗೆ ಕನ್ನಡಕವು ಅಡ್ಡಿಯೆಂದು ಭಾವಿಸಿ, ಅವರ ಒಪ್ಪಿಗೆಯನ್ನೂ ಸರಿಯಾಗಿ ಕೇಳದೆ ಆಸ್ಪತ್ರೆಗೆ ಕರೆದೊಯ್ಯುವವರಿದ್ದಾರೆ. ಇದು ಸಲ್ಲದು. ಕಣ್ಣು ಯಾರದೋ, ನಿರ್ಧಾರವೂ ಅವರದೇ ಆಗಿರಬೇಕು. ಪರೀಕ್ಷೆಗಳೆಲ್ಲ ಅನುಕೂಲವಾಗಿದ್ದು, ವಯಸ್ಸು ತುಂಬಿ, ನಂಬರು ನಿಂತು, ಲಾಭಹಾನಿಗಳನ್ನು ತಿಳಿದು ಒಪ್ಪಿದವರಿಗೆ ಈ ಚಿಕಿತ್ಸೆಯು ವಿಜ್ಞಾನದ ಒಂದು ದೊಡ್ಡ ಕೊಡುಗೆಯೇ ಸರಿ. ‘ನಿಮ್ಮ ಕಣ್ಣಿಗೆ ಇದು ಬೇಡ’ ಎಂದು ವೈದ್ಯರು ಹೇಳಿದರೆ ನಿರಾಶರಾಗಬೇಕಾಗಿಲ್ಲ. ಆ ಮಾತನ್ನು ಹೇಳುವ ವೈದ್ಯರು ನಮ್ಮ ದೃಷ್ಟಿಯನ್ನು ಉಳಿಸಿದವರೆಂದೇ ತಿಳಿಯಬೇಕು.

ಇನ್ನು ಕಿರಿಯ ವಿದ್ಯಾರ್ಥಿಗಳು ಈಗ ಮಾಡಬಹುದಾದುದು ಇಷ್ಟೆ. ಪ್ರತಿದಿನ ಎರಡು ಗಂಟೆಯ ಹೊತ್ತಾದರೂ ಬಯಲಿನ ಬೆಳಕಿನಲ್ಲಿ ಆಡಿರಿ. ಇದರಿಂದ ಸಮೀಪದೃಷ್ಟಿ ತಲೆದೋರುವುದು ಕಡಿಮೆಯಾಗುವುದೆಂದು ಸಂಶೋಧನೆಗಳು ತೋರಿಸಿವೆ. ಪುಸ್ತಕವನ್ನೂ ಫೋನನ್ನೂ ಮೂಗಿನ ತುದಿಗೆ ಹಿಡಿಯಬೇಡಿರಿ. ಕಣ್ಣನ್ನು ಉಜ್ಜಬೇಡಿರಿ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಕನ್ನಡಕವನ್ನು ಕೊಟ್ಟರೆ ನಾಚದೆ ಹಾಕಿಕೊಳ್ಳಿರಿ.